ಪಾರ್ಶ್ವವಾಯುವಿನ ಅನಂತರ ಮನೆಯಲ್ಲಿಯೇ ಸಮತೋಲ ಸಾಧನೆ

ಎರಡು ಕಾಲುಗಳ ಮೇಲೆ ನೆಟ್ಟಗೆ ನಿಲ್ಲುವುದು ಮನುಷ್ಯನಿಗೆ ಎಷ್ಟು ಸಹಜವಾಗಿದೆಯೆಂದರೆ, ಅದೂ ಒಂದು ವಿದ್ಯೆಯೆಂಬುದು ನಮಗೆ ಮರೆತೇ ಹೋಗಿದೆ. ವರ್ಷ ತುಂಬುವ ಮಗು ತಿಂಗಳುಗಟ್ಟಲೆ ಬಿದ್ದು ಎದ್ದು ಕಲಿತ ಈ ವಿದ್ಯೆಯನ್ನು ನಾವು ಆಮೇಲೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಓಡುವ ಲೋಕಲ್ ಗಾಡಿಯಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಪತ್ರಿಕೆ ಹಿಡಿದು, ಯಾವ ಆಸರೆಯೂ ಇಲ್ಲದೆ ನಿಂತು ಓದುತ್ತ ಬರುವ ಮುಂಬಯಿಗನು ತಾನೊಂದು ಅದ್ಭುತವನ್ನು ಮಾಡುತ್ತಿರುವೆನೆಂದು ಭಾವಿಸುವುದಿಲ್ಲ. ಆದರೆ ಪಾರ್ಶ್ವವಾಯು ಬಡಿದು ಬದುಕುಳಿದವರನ್ನು ಕೇಳಿ ನೋಡಬೇಕು. ಮಂಚದಿಂದ ಎದ್ದು ಬಚ್ಚಲಿನವರೆಗೆ ಹೋಗುವ ಹತ್ತು ಹೆಜ್ಜೆಗಳು ಅವರ ಪಾಲಿಗೆ ಹತ್ತು ಮೈಲಿಗಳಾಗಿರುತ್ತವೆ.

ಈ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರ ಓದಿ, ಬ್ಯಾಂಕಿನಲ್ಲಿ ಜಮಾ-ಖರ್ಚುಗಳ ನಡುವೆ ಕಾಲ ಕಳೆಯುತ್ತಿರುವವನು. ಆದರೆ ನಮ್ಮ ಬಳಗದಲ್ಲಿ ಈಚಿನ ವರ್ಷಗಳಲ್ಲಿ ಈ ವ್ಯಾಧಿಗೆ ತುತ್ತಾದ ಹಿರಿಯರನ್ನು ಕಂಡು, ಅವರ ಚಿಕಿತ್ಸೆಯ ಓಡಾಟದಲ್ಲಿ ಭಾಗಿಯಾಗಿ, ತಜ್ಞರಿಂದ ಕೇಳಿ, ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಂಘದ ಬಂಧುಗಳ ಮುಂದಿಡುವುದು ಉಪಯುಕ್ತವೆಂದು ತೋರಿತು. ವೈದ್ಯರ ಸಲಹೆಗೆ ಇದು ಬದಲಿಯಲ್ಲ, ಪೂರಕ ಮಾತ್ರ ಎಂಬುದನ್ನು ವಾಚಕರು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ವ್ಯಾಧಿಯ ಸ್ವರೂಪ

ನಮ್ಮ ಊರುಗಳಲ್ಲಿ 'ಲಕ್ವ ಹೊಡೆಯಿತು' ಎನ್ನುತ್ತಾರೆ. ಹೊಡೆತ ಕೈಕಾಲುಗಳಲ್ಲಿ ಕಂಡರೂ ಅದರ ಮೂಲ ಇರುವುದು ಮೆದುಳಿನಲ್ಲಿ. ಮೆದುಳಿಗೆ ರಕ್ತವನ್ನೊಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಬಹುದು, ಇಲ್ಲವೆ ಒಡೆದು ರಕ್ತ ಸೋರಬಹುದು. ಮೊದಲನೆಯ ಬಗೆಯೇ ಹೆಚ್ಚು ಸಾಮಾನ್ಯ. ರಕ್ತ ದೊರೆಯದ ಭಾಗದ ಜೀವಕೋಶಗಳು ನಿಮಿಷ ನಿಮಿಷಕ್ಕೂ ನಾಶವಾಗುತ್ತವೆ. ಮೆದುಳಿನ ಬಲಭಾಗವು ಶರೀರದ ಎಡಭಾಗವನ್ನೂ, ಎಡಭಾಗವು ಬಲಭಾಗವನ್ನೂ ಆಳುವುದರಿಂದ, ಪೆಟ್ಟು ಒಂದು ಕಡೆ ಬಿದ್ದರೆ ದೌರ್ಬಲ್ಯ ಇನ್ನೊಂದು ಕಡೆ ತಲೆದೋರುತ್ತದೆ. ಅಧಿಕ ರಕ್ತದೊತ್ತಡ, ಸಿಹಿಮೂತ್ರ ರೋಗ, ತಂಬಾಕು, ಹೃದಯಬಡಿತದ ಏರುಪೇರು ಇವು ಇದರ ಮುಖ್ಯ ಕಾರಣಗಳು.

ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕಾದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಮುಖದ ಒಂದು ಪಕ್ಕ ಜೋತುಬೀಳುವುದು, ಒಂದು ತೋಳು ಮೇಲೆತ್ತಲಾಗದಿರುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ದೃಷ್ಟಿ ಮಂದವಾಗುವುದು ಅಥವಾ ಸಮತೋಲ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ ಗಡಿಯಾರ ನೋಡಿಕೊಂಡು ಕೂಡಲೇ ಆಸ್ಪತ್ರೆಗೆ ಧಾವಿಸತಕ್ಕದ್ದು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ತೋರಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. 'ಬೆಳಗಾಗಲಿ, ನೋಡೋಣ' ಎಂದು ಮಲಗಿಸಿದರೆ ಮುಂದಿನ ಯಾವ ವ್ಯಾಯಾಮವೂ ಆ ನಷ್ಟವನ್ನು ಪೂರ್ಣವಾಗಿ ತುಂಬಲಾರದು.

ಸಮತೋಲದ ಮೂರು ಆಧಾರಗಳು

ಮನುಷ್ಯನು ಬೀಳದೆ ನಿಲ್ಲುವುದಕ್ಕೆ ಮೂರು ಮೂಲಗಳಿಂದ ಮೆದುಳಿಗೆ ಸುದ್ದಿ ಬರುತ್ತಿರುತ್ತದೆ. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿ, ಅಲ್ಲಿರುವ ಅರ್ಧವೃತ್ತಾಕಾರದ ಮೂರು ನಾಳಗಳಲ್ಲಿ ತುಂಬಿರುವ ದ್ರವ, ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ತಿಳಿಸುತ್ತದೆ. ಮೂರನೆಯದು ಅಂಗಾಲು, ಕೀಲು ಮತ್ತು ಸ್ನಾಯುಗಳಲ್ಲಿರುವ ಸೂಕ್ಷ್ಮ ನರತುದಿಗಳು. ಕಣ್ಣು ಮುಚ್ಚಿದರೂ ನಮ್ಮ ಕಾಲು ಎಲ್ಲಿದೆಯೆಂದು ನಮಗೆ ಗೊತ್ತಾಗುವುದು ಇವುಗಳಿಂದಲೇ. ಈ ಮೂರು ವರದಿಗಳನ್ನೂ ಮೆದುಳು ತಾಳೆ ನೋಡಿ, ಕ್ಷಣಾರ್ಧದಲ್ಲಿ ಸ್ನಾಯುಗಳಿಗೆ ಆಜ್ಞೆ ಕಳುಹಿಸುತ್ತದೆ. ಕಿರುಮೆದುಳು ಆ ಆಜ್ಞೆಗಳನ್ನು ತಿದ್ದಿ ಹದಗೊಳಿಸುತ್ತದೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಮೂರು ಶಾಖೆಗಳ ದಿನವಹಿ ಲೆಕ್ಕಗಳು ಪ್ರಧಾನ ಕಚೇರಿಯಲ್ಲಿ ಪ್ರತಿಕ್ಷಣ ತಾಳೆಯಾಗುತ್ತಿರಬೇಕು.

ಪಾರ್ಶ್ವವಾಯುವಿನಲ್ಲಿ ಈ ವ್ಯವಸ್ಥೆ ಹಲವು ಕಡೆ ಕೆಡಬಹುದು. ಕಾಲಿನ ಬಲ ಕುಂದುವುದು ಎಲ್ಲರಿಗೂ ಕಾಣುವ ದೋಷ. ಕಾಣದ ದೋಷಗಳೂ ಇವೆ. ಅಂಗಾಲಿನ ಸ್ಪರ್ಶಜ್ಞಾನ ಹೋಗಿರಬಹುದು. ದೃಷ್ಟಿಯ ಒಂದು ಪಾರ್ಶ್ವ ಮರೆಯಾಗಿರಬಹುದು. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡಬದಿಯೆಂಬುದು ಇದೆಯೆಂಬ ಅರಿವೇ ಇರುವುದಿಲ್ಲ. ತಟ್ಟೆಯ ಎಡಭಾಗದ ಅನ್ನವನ್ನು ಹಾಗೆಯೇ ಬಿಟ್ಟೇಳುತ್ತಾರೆ, ಬಾಗಿಲಿನ ಎಡಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. 'ಕಾಲಿಗೆ ಶಕ್ತಿ ಬಂದಿದೆಯಲ್ಲ, ಮತ್ತೇಕೆ ಬೀಳುತ್ತಾರೆ?' ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಶಕ್ತಿ ಬೇರೆ, ಸಮತೋಲ ಬೇರೆ.

ಬೀಳುವುದು, ಬೀಳುವ ಭಯ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು ಬೀಳುವುದು ಬಹು ಸಾಮಾನ್ಯ. ಬಳಕೆಯಿಲ್ಲದ ಪಕ್ಕದ ಮೂಳೆಗಳು ದಿನ ಕಳೆದಂತೆ ಸವೆಯುವುದರಿಂದ, ಅದೇ ಪಕ್ಕಕ್ಕೆ ಬಿದ್ದಾಗ ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚು. ಬೀಳದಿದ್ದರೂ ಬೀಳುವ ಭಯವೊಂದೇ ಸಾಕಷ್ಟು ಹಾನಿ ಮಾಡುತ್ತದೆ. ಹೆದರಿದವರು ಕುಳಿತೇ ಇರುತ್ತಾರೆ. ಕುಳಿತೇ ಇದ್ದುದರಿಂದ ಸ್ನಾಯುಗಳು ಮತ್ತಷ್ಟು ಸೊರಗುತ್ತವೆ. ಸೊರಗಿದ ಸ್ನಾಯುಗಳಿಂದ ಬೀಳುವ ಸಂಭವ ಇನ್ನೂ ಹೆಚ್ಚುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ ಬೆಳೆದಂತೆ ಇದು ಬೆಳೆಯುತ್ತದೆ. 'ಅಪ್ಪಾ, ನೀವು ಏಳಬೇಡಿ, ಎಲ್ಲ ನಾವೇ ತಂದುಕೊಡುತ್ತೇವೆ' ಎಂಬ ಮಕ್ಕಳ ಪ್ರೀತಿಯೂ ಈ ಸಾಲವನ್ನು ಏರಿಸುತ್ತದೆಯೆಂಬುದನ್ನು ನಾವು ತಿಳಿಯಬೇಕು.

ಇದಕ್ಕೆ ಪರಿಹಾರವುಂಟು. ಮೆದುಳಿಗೆ ತನ್ನ ದಾರಿಗಳನ್ನು ಮತ್ತೆ ಕಟ್ಟಿಕೊಳ್ಳುವ ಶಕ್ತಿಯಿದೆ. ನಾಶವಾದ ಕೋಶಗಳು ಮರಳಿ ಬಾರದಿದ್ದರೂ, ಉಳಿದ ಭಾಗಗಳು ಅವುಗಳ ಕೆಲಸವನ್ನು ಕಲಿಯಬಲ್ಲವು. ಆದರೆ ಈ ಕಲಿಕೆಗೆ ಒಂದೇ ಬೆಲೆ, ಅದು ಪುನರಾವರ್ತನೆ. ಮೊದಲ ಮೂರು ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆರು ತಿಂಗಳ ಅನಂತರ ನಿಧಾನವಾಗುತ್ತದೆ, ಆದರೆ ನಿಂತುಹೋಗುವುದಿಲ್ಲ. ವರ್ಷ ಕಳೆದವರೂ ಸಾಧನೆಯಿಂದ ಸಮತೋಲವನ್ನು ಉತ್ತಮಪಡಿಸಿಕೊಂಡಿರುವರು.

ಮಹಾನಗರದ ಕಷ್ಟ

ಪುನರಾವರ್ತನೆ ಬೇಕೆಂದಾಗ ಅದನ್ನು ಎಲ್ಲಿ, ಹೇಗೆ ಮಾಡಿಸುವುದೆಂಬ ಪ್ರಶ್ನೆ ಬರುತ್ತದೆ. ಆಸ್ಪತ್ರೆಯವರು ವಾರ ಹತ್ತು ದಿನಗಳಲ್ಲಿ ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಕೈಯಲ್ಲಿ ಒಂದು ಹಾಳೆ. ಅದರಲ್ಲಿ ವ್ಯಾಯಾಮದ ಚಿತ್ರಗಳು. 'ಫಿಸಿಯೋಥೆರಪಿಗೆ ಬರುತ್ತಿರಿ' ಎಂಬ ಸೂಚನೆ. ಡೊಂಬಿವಿಲಿಯಲ್ಲೋ ವಸಯಿಯಲ್ಲೋ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಮನೆಯಲ್ಲಿರುವ ಎಪ್ಪತ್ತರ ವೃದ್ಧರನ್ನು ವಾರಕ್ಕೆ ಮೂರು ಸಲ ಇಳಿಸಿ, ಟ್ಯಾಕ್ಸಿಯಲ್ಲಿ ಕೂರಿಸಿ ಕರೆದೊಯ್ದು ತರುವುದು ಹೇಳಿದಷ್ಟು ಸುಲಭವಲ್ಲ. ಮಗ ಸೊಸೆ ಇಬ್ಬರೂ ನೌಕರಿಯಲ್ಲಿದ್ದರೆ ರಜೆಯ ಖಾತೆ ಬೇಗನೆ ಬರಿದಾಗುತ್ತದೆ. ಮೊದಲ ತಿಂಗಳು ಉತ್ಸಾಹದಿಂದ ನಡೆದದ್ದು ಎರಡನೆಯ ತಿಂಗಳಲ್ಲಿ ವಾರಕ್ಕೊಮ್ಮೆಯಾಗಿ, ಮೂರನೆಯ ತಿಂಗಳಲ್ಲಿ ನಿಂತೇ ಹೋಗುತ್ತದೆ. ಚೇತರಿಕೆಗೆ ಅತ್ಯಮೂಲ್ಯವಾದ ಕಾಲವೂ ಅದೇ ಎಂಬುದು ದುರ್ದೈವ.

ಒಂದು ಸರಳ ಲೆಕ್ಕ ಹಾಕೋಣ. ೪೫ ನಿಮಿಷಗಳ ೨೦ ಪಾಠಗಳೆಂದರೆ ಒಟ್ಟು ೧೫ ಗಂಟೆಗಳ ವ್ಯಾಯಾಮ. ಹೋಗಿಬರುವುದಕ್ಕೂ ಕಾಯುವುದಕ್ಕೂ ಪ್ರತಿ ಸಲ ಮೂರು ಗಂಟೆ ಹಿಡಿದರೆ ೬೦ ಗಂಟೆಗಳಾಗುತ್ತವೆ. ಹದಿನೈದು ರೂಪಾಯಿಯ ಸಾಮಾನು ತರಲು ಅರುವತ್ತು ರೂಪಾಯಿ ಸಾಗಣೆ ವೆಚ್ಚ ಕೊಟ್ಟಂತೆ. ಯಾವ ಲೆಕ್ಕಪರಿಶೋಧಕನೂ ಇದನ್ನು ಒಪ್ಪಲಾರ.

ದೂರದಿಂದ ಚಿಕಿತ್ಸೆ

ರೋಗಿ ಮನೆಯಲ್ಲಿರುವಾಗ ಚಿಕಿತ್ಸಕರು ಬೇರೆಲ್ಲೋ ಕುಳಿತು ವ್ಯಾಯಾಮ ಕಲಿಸುವ ಕ್ರಮಕ್ಕೆ ಟೆಲಿ-ರಿಹ್ಯಾಬಿಲಿಟೇಶನ್ ಎಂದು ಹೆಸರು. ಕನ್ನಡದಲ್ಲಿ ದೂರ ಪುನಶ್ಚೇತನ ಎನ್ನಬಹುದು. ದೂರ ವೈದ್ಯಕೀಯ ನಮ್ಮ ದೇಶಕ್ಕೆ ತೀರ ಹೊಸತೇನಲ್ಲ. ೨೦೦೦ದಲ್ಲಿಯೇ ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದ ಆಸ್ಪತ್ರೆಯನ್ನು ಚೆನ್ನೈಯ ತಜ್ಞರೊಡನೆ ಜೋಡಿಸಲಾಗಿತ್ತು. ಅನಂತರ ಇಸ್ರೋ ಸಂಸ್ಥೆಯ ಉಪಗ್ರಹಗಳ ನೆರವಿನಿಂದ ನಮ್ಮ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯ ಹೃದ್ರೋಗಿಗಳನ್ನು ಬೆಂಗಳೂರಿನ ವೈದ್ಯರು ಪರದೆಯ ಮೇಲೆ ನೋಡತೊಡಗಿದರು. ಅಂದು ಅದಕ್ಕೆ ಉಪಗ್ರಹ ಬೇಕಾಗಿತ್ತು. ಇಂದು ಕಿಸೆಯಲ್ಲಿರುವ ಮೊಬೈಲು ಸಾಕು. ೨೦೨೦ರ ಮಾರ್ಚ್ ೨೫ರಂದು, ಕೊರೋನಾ ಸಾಂಕ್ರಾಮಿಕದ ಆರಂಭದಲ್ಲಿ, ಕೇಂದ್ರ ಸರ್ಕಾರವು ವೈದ್ಯರು ದೂರದಿಂದ ಸಲಹೆ ನೀಡುವುದಕ್ಕೆ ನಿಯಮಾವಳಿಯನ್ನು ಪ್ರಕಟಿಸಿತು. ಮನೆಬಾಗಿಲು ಮುಚ್ಚಿದ ಆ ದಿನಗಳಲ್ಲಿ ಅನೇಕ ಫಿಸಿಯೋಥೆರಪಿಸ್ಟರೂ ಪರದೆಯ ಮೂಲಕ ಪಾಠ ಹೇಳುವುದನ್ನು ರೂಢಿಸಿಕೊಂಡರು.

ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಚಿಕಿತ್ಸಕರು ಅದೇ ವೇಳೆಯಲ್ಲಿ ವಿಡಿಯೋ ಕರೆಯ ಮೂಲಕ ನೋಡುತ್ತ ತಿದ್ದುವುದು ಮೊದಲನೆಯದು. ಮನೆಯವರು ವ್ಯಾಯಾಮದ ಚಿತ್ರೀಕರಣ ಮಾಡಿ ಕಳುಹಿಸಿ, ಚಿಕಿತ್ಸಕರು ಬಿಡುವಾದಾಗ ನೋಡಿ ಉತ್ತರಿಸುವುದು ಎರಡನೆಯದು. ಯಂತ್ರವೇ ಅಳೆದು ವರದಿ ಮಾಡುವುದು ಮೂರನೆಯದು. ಈ ಮೂರನೆಯ ಬಗೆಗೆ ದಾರಿ ತೆರೆದದ್ದು ಮಕ್ಕಳ ಆಟದ ಸಾಮಾನುಗಳೆಂದರೆ ಆಶ್ಚರ್ಯವಾಗಬಹುದು. ೨೦೦೭ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ಹೊರತಂದ ಹಲಗೆಯೊಂದರ ನಾಲ್ಕು ಮೂಲೆಗಳಲ್ಲಿ ತೂಕ ಅಳೆಯುವ ಸಾಧನಗಳಿದ್ದವು. ಮೇಲೆ ನಿಂತವನ ಭಾರ ಯಾವ ಕಡೆಗೆ ವಾಲುತ್ತಿದೆಯೆಂಬುದು ಪರದೆಯ ಮೇಲೆ ಮೂಡುತ್ತಿತ್ತು. ೨೦೧೦ರಲ್ಲಿ ಬಂದ ಮೈಕ್ರೋಸಾಫ್ಟಿನ ಕೈನೆಕ್ಟ್ ಕ್ಯಾಮೆರಾ ಮೈಗೆ ಏನನ್ನೂ ಕಟ್ಟದೆಯೇ ಅಂಗಾಂಗಗಳ ಚಲನೆಯನ್ನು ಗುರುತಿಸುತ್ತಿತ್ತು. ಆಟಕ್ಕೆಂದು ಮಾಡಿದ ಇವನ್ನು ಸಂಶೋಧಕರು ಚಿಕಿತ್ಸೆಗೆ ತಿರುಗಿಸಿದರು. ಇಂದು ಸಾಮಾನ್ಯ ಮೊಬೈಲಿನೊಳಗೂ ವಾಲಿಕೆ ಮತ್ತು ವೇಗ ಅಳೆಯುವ ಪುಟ್ಟ ಸಾಧನಗಳಿವೆ. ಅದನ್ನು ಸೊಂಟಕ್ಕೆ ಕಟ್ಟಿದರೆ ನಿಂತವರ ತೂಗಾಟವನ್ನು ಲೆಕ್ಕಹಾಕಬಹುದು.

ಪ್ರಯೋಗಗಳು ಏನನ್ನು ಹೇಳುತ್ತವೆ

ಹೊಸತೆಂಬ ಕಾರಣಕ್ಕೆ ಯಾವುದನ್ನೂ ನಂಬಬಾರದು; ಪುರಾವೆ ಬೇಕು. ಸ್ಪೇನ್ ದೇಶದ ವೆಲೆನ್ಸಿಯಾ ನಗರದ ಸಂಶೋಧಕರು ೨೦೧೫ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಲ್ಲೇಖಾರ್ಹ. ಪಾರ್ಶ್ವವಾಯು ಬಡಿದು ಆರು ತಿಂಗಳಿಗೂ ಹೆಚ್ಚು ಕಾಲ ಕಳೆದಿದ್ದ ೩೦ ಮಂದಿಯನ್ನು ಎರಡು ತಂಡಗಳಾಗಿ ವಿಂಗಡಿಸಿದರು. ಒಂದು ತಂಡ ಚಿಕಿತ್ಸಾಲಯದಲ್ಲಿ, ಇನ್ನೊಂದು ತಂಡ ತಮ್ಮ ಮನೆಗಳಲ್ಲಿ, ಕೈನೆಕ್ಟ್ ಕ್ಯಾಮೆರಾದ ಮುಂದೆ ಒಂದೇ ಬಗೆಯ ಸಾಧನೆ ಮಾಡಿದವು. ವಾರಕ್ಕೆ ಮೂರರಂತೆ, ೪೫ ನಿಮಿಷಗಳ ೨೦ ಪಾಠಗಳು. ನಾನು ಮೇಲೆ ಲೆಕ್ಕಕ್ಕೆ ತೆಗೆದುಕೊಂಡದ್ದು ಇದೇ ಪ್ರಮಾಣವನ್ನು. ಪರದೆಯ ಮೇಲೆ ಒಂದು ವೃತ್ತ. ಅದರ ಸುತ್ತ ಅಲ್ಲಲ್ಲಿ ಮೂಡುವ ವಸ್ತುಗಳನ್ನು, ಒಂದು ಪಾದವನ್ನು ನಡುವೆ ಊರಿ, ಇನ್ನೊಂದು ಪಾದವನ್ನು ಚಾಚಿ ಮುಟ್ಟಬೇಕು. ಕೊನೆಯಲ್ಲಿ ಎರಡು ತಂಡಗಳ ಸಮತೋಲವೂ ಸುಧಾರಿಸಿತ್ತು, ಅವುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಮನೆಯಲ್ಲಿ ಮಾಡಿದವರಿಗೆ ತಲಾ ಸುಮಾರು ೬೫೦ ಡಾಲರ್ ಕಡಮೆ ಖರ್ಚಾಗಿತ್ತು.

ಅಮೆರಿಕದಲ್ಲಿ ೨೦೧೯ರಲ್ಲಿ ಪ್ರಕಟವಾದ, ೧೨೪ ಮಂದಿಯ ಇನ್ನೊಂದು ಪ್ರಯೋಗವು ತೋಳಿನ ಚಲನೆಗೆ ಸಂಬಂಧಿಸಿದ್ದು. ಅಲ್ಲಿಯೂ ಮನೆಯ ಸಾಧನೆ ಚಿಕಿತ್ಸಾಲಯದ ಸಾಧನೆಗಿಂತ ಕೀಳಾಗಲಿಲ್ಲ. ಇಂತಹ ೨೨ ಪ್ರಯೋಗಗಳನ್ನು, ಒಟ್ಟು ೧೯೩೭ ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ ೨೦೨೦ರಲ್ಲಿ ಮಾಡಿದ ವಿಮರ್ಶೆಯ ಅಭಿಪ್ರಾಯ ಎಚ್ಚರಿಕೆಯದು. ಸಮತೋಲದ ವಿಷಯದಲ್ಲಿ ದೂರ ಪುನಶ್ಚೇತನಕ್ಕೂ ಎದುರೆದುರಿನ ಚಿಕಿತ್ಸೆಗೂ ಅಂತರ ಕಾಣುವುದಿಲ್ಲ, ಆದರೆ ಪುರಾವೆ ಇನ್ನೂ ಬಲಗೊಳ್ಳಬೇಕಾಗಿದೆ ಎಂಬುದು ಅದರ ಸಾರಾಂಶ.

ನಮ್ಮ ದೇಶದ ಒಂದು ದೊಡ್ಡ ಪ್ರಯೋಗವನ್ನೂ ಮರೆಯಬಾರದು. ಭಾರತದ ೧೪ ಆಸ್ಪತ್ರೆಗಳಲ್ಲಿ ೧೨೫೦ ರೋಗಿಗಳನ್ನು ಸೇರಿಸಿಕೊಂಡು ನಡೆದ ಅಟೆಂಡ್ ಎಂಬ ಅಧ್ಯಯನ ೨೦೧೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರೊಬ್ಬರಿಗೆ ತರಬೇತಿ ಕೊಟ್ಟು, ಅವರ ಕೈಯಿಂದಲೇ ಪುನಶ್ಚೇತನ ಮಾಡಿಸಿದರೆ ಏನಾಗುತ್ತದೆಂದು ಅದರಲ್ಲಿ ಪರೀಕ್ಷಿಸಲಾಯಿತು. ಆರು ತಿಂಗಳ ಕೊನೆಯಲ್ಲಿ ಸಾವು ಮತ್ತು ಪರಾವಲಂಬನೆಗಳ ಪ್ರಮಾಣದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಇದರಿಂದ ಮನೆಯವರು ಕೈಚೆಲ್ಲಬೇಕೆಂದಲ್ಲ. ನನಗೆ ತೋರುವಂತೆ, ಮನೆಯವರ ಪ್ರೀತಿಯೊಂದೇ ಸಾಲದು. ನುರಿತವರ ಕಣ್ಣು ವಾರ ವಾರವೂ ರೋಗಿಯ ಮೇಲಿರಬೇಕು, ಸಾಧನೆಯ ಪ್ರಮಾಣ ದಿನದಿನಕ್ಕೆ ಏರುತ್ತಿರಬೇಕು. ದೂರ ಪುನಶ್ಚೇತನದ ನಿಜವಾದ ಉಪಯೋಗ ಆ ಕಣ್ಣನ್ನು ಮನೆಯೊಳಗೆ ತರುವುದರಲ್ಲಿದೆ, ಯಂತ್ರದ ಬೆಡಗಿನಲ್ಲಿಲ್ಲ.

ಅಳತೆಯ ಮಹತ್ತ್ವ

ಪಾಸ್‌ಬುಕ್ ಇಲ್ಲದ ಖಾತೆಯನ್ನು ಯಾರೂ ನಂಬುವುದಿಲ್ಲ. 'ಸ್ವಲ್ಪ ಪರವಾಗಿಲ್ಲ' ಎಂಬ ಮಾತು ಅಳತೆಯಾಗಲಾರದು. ಸಮತೋಲವನ್ನು ಅಳೆಯಲು ಕೆನಡಾದ ಕ್ಯಾಥರೀನ್ ಬರ್ಗ್ ಅವರು ೧೯೮೯ರಲ್ಲಿ ರೂಪಿಸಿದ ಮಾನವನ್ನು ಚಿಕಿತ್ಸಕರು ಬಹಳವಾಗಿ ಬಳಸುತ್ತಾರೆ. ಕುಳಿತಲ್ಲಿಂದ ಏಳುವುದು, ಕಣ್ಣುಮುಚ್ಚಿ ನಿಲ್ಲುವುದು, ನೆಲದಿಂದ ವಸ್ತು ಎತ್ತುವುದು, ಒಂಟಿಕಾಲಿನಲ್ಲಿ ನಿಲ್ಲುವುದು ಮೊದಲಾದ ೧೪ ಕೆಲಸಗಳು, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು ೫೬. ಇದನ್ನು ತರಬೇತಾದವರೇ ಮಾಡಬೇಕು.

ಇನ್ನೊಂದು ಪರೀಕ್ಷೆ ೧೯೯೧ರಿಂದ ಬಳಕೆಯಲ್ಲಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು, ಮತ್ತೆ ಕುಳಿತುಕೊಳ್ಳಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರದಲ್ಲಿ ನೋಡುವುದು. ಆರೋಗ್ಯವಂತರಾದ ಹಿರಿಯರಿಗೆ ಸುಮಾರು ೧೦ ಸೆಕೆಂಡು ಸಾಕು. ೧೨ ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಸಂಭವವಿದೆಯೆಂದು ಎಚ್ಚರಗೊಳ್ಳಬೇಕು. ಚಿಕಿತ್ಸಕರು ಅನುಮತಿಸಿದ ಮೇಲೆ, ಪಕ್ಕದಲ್ಲಿ ಒಬ್ಬರು ನಿಂತು, ಹದಿನೈದು ದಿನಗಳಿಗೊಮ್ಮೆ ಇದನ್ನು ಅಳೆದು ದಿನಾಂಕದೊಡನೆ ಒಂದು ನೋಟುಪುಸ್ತಕದಲ್ಲಿ ಬರೆದಿಡಬಹುದು. ೩೪ ಸೆಕೆಂಡಿನಿಂದ ೨೯ಕ್ಕೆ ಇಳಿದ ಅಂಕಿಯನ್ನು ಕಣ್ಣಾರೆ ಕಂಡ ರೋಗಿಗೆ ಬರುವ ಧೈರ್ಯ ಯಾವ ಉಪದೇಶದಿಂದಲೂ ಬಾರದು.

ಮನೆಯ ಸಿದ್ಧತೆ

ನಮ್ಮ ಮನೆಗಳು ಚಿಕ್ಕವು. ಆದರೂ ಎಂಟು ಅಡಿ ಉದ್ದದ ಜಾಗ ಬಿಡಿಸಿಕೊಂಡರೆ ಕೆಲಸ ನಡೆಯುತ್ತದೆ. ಜಮಖಾನೆ, ಕಾಲೊರಸು, ನೆಲದ ಮೇಲೆ ಹರಿದಾಡುವ ತಂತಿ ಇವನ್ನು ತೆಗೆದಿಡಬೇಕು. ನೆಲ ಒದ್ದೆಯಾಗಿರಬಾರದು. ಹವಾಯಿ ಚಪ್ಪಲಿಯಾಗಲಿ, ಬರಿಯ ಕಾಲುಚೀಲವಾಗಲಿ ಕೂಡದು. ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆ ಲೇಸು. ಹಿಡಿದುಕೊಳ್ಳಲು ಅಡುಗೆಮನೆಯ ಕಟ್ಟೆಯಷ್ಟು ಭದ್ರವಾದ ಆಸರೆ ಬೇರಿಲ್ಲ. ಗೋಡೆಯ ಮೂಲೆಗೆ ಬೆನ್ನು ಮಾಡಿ ನಿಲ್ಲಿಸಿ, ಮುಂದೆ ಭಾರವಾದ ಕುರ್ಚಿಯನ್ನಿಟ್ಟರೂ ಆದೀತು. ಚಕ್ರವಿರುವ ಕುರ್ಚಿ, ಪ್ಲಾಸ್ಟಿಕ್ ಸ್ಟೂಲು ಸರ್ವಥಾ ಬೇಡ.

ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಸೊಂಟದ ಎತ್ತರಕ್ಕೆ ಸ್ಟ್ಯಾಂಡಿನ ಮೇಲಿಟ್ಟು, ತಲೆಯಿಂದ ಪಾದದವರೆಗೆ ಕಾಣುವಂತೆ ಎರಡು ಮೂರು ಮೀಟರ್ ದೂರಕ್ಕೆ ಸರಿಸಬೇಕು. ಪಾದ ಕಾಣದಿದ್ದರೆ ಚಿಕಿತ್ಸಕರಿಗೆ ಏನೂ ಕಾಣದಂತೆಯೇ. ಬೆಳಕು ರೋಗಿಯ ಬೆನ್ನ ಹಿಂದಿನ ಕಿಟಕಿಯಿಂದ ಬರದೆ ಎದುರಿನಿಂದ ಬರಬೇಕು. ನಿಂತು ಮಾಡುವ ಸಾಧನೆಯಲ್ಲಿ ಸಹಾಯಕರೊಬ್ಬರು ದುರ್ಬಲವಾದ ಪಕ್ಕದಲ್ಲಿ, ಒಂದಿಷ್ಟು ಹಿಂದೆ ನಿಂತಿರಬೇಕು. ಅವರ ಕೈ ರೋಗಿಯ ಸೊಂಟದ ಪಟ್ಟಿಯ ಮೇಲಿರಲಿ. ಸೋತ ತೋಳನ್ನು ಹಿಡಿದೆಳೆದು ಎಬ್ಬಿಸುವುದು ನಮ್ಮಲ್ಲಿ ಸಾಮಾನ್ಯ. ಅದರಿಂದ ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವಾಗುತ್ತದೆ.

ಸಾಧನೆಯ ಮೆಟ್ಟಿಲುಗಳು

ಯಾವ ಮೆಟ್ಟಿಲನ್ನು ಯಾವಾಗ ಏರಬೇಕೆಂಬುದನ್ನು ಚಿಕಿತ್ಸಕರೇ ನಿರ್ಧರಿಸುವರು. ವಾಚಕರಿಗೆ ಕ್ರಮದ ಪರಿಚಯವಿರಲೆಂದು ಇಲ್ಲಿ ಹೇಳಿದೆ.

ಒಂದು: ಕುಳಿತ ಸಮತೋಲ. ಎರಡು ಪಾದಗಳನ್ನೂ ನೆಲಕ್ಕೆ ಊರಿ, ಬೆನ್ನಿಗೆ ಆಸರೆಯಿಲ್ಲದೆ ಕುಳಿತು, ಭಾರವನ್ನು ಎಡಕ್ಕೂ ಬಲಕ್ಕೂ ವರ್ಗಾಯಿಸುವುದು. ದುರ್ಬಲ ಪಕ್ಕದಲ್ಲಿಟ್ಟ ಲೋಟವನ್ನು ಒಳ್ಳೆಯ ಕೈಯಿಂದ ಮುಟ್ಟುವುದು.

ಎರಡು: ಕುಳಿತು ಏಳುವುದು. ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆಳೆದು, ಮೈಯನ್ನು ಮುಂದಕ್ಕೆ ಬಾಗಿಸಿ ಏಳಬೇಕು. ಮೊದಲು ಎತ್ತರದ ಆಸನ, ಬಳಿಕ ತಗ್ಗಿನದು. ದಿನವೂ ಹಲವು ಸಲ ಮಾಡಬೇಕಾದ ಕೆಲಸವಾದುದರಿಂದ ಇದರ ಫಲ ಬಹು ಬೇಗ ಕಾಣುತ್ತದೆ.

ಮೂರು: ನಿಂತ ಸಮತೋಲ. ಕಟ್ಟೆ ಹಿಡಿದು, ಪಾದಗಳನ್ನು ಅಗಲಿಸಿ ನಿಲ್ಲುವುದು; ಬಳಿಕ ಜೋಡಿಸಿ; ಬಳಿಕ ಒಂದರ ಮುಂದೊಂದನ್ನಿಟ್ಟು. ಎರಡು ಕೈಯ ಹಿಡಿತ ಒಂದು ಕೈಗೆ, ಒಂದು ಕೈಯದು ಬೆರಳತುದಿಗೆ ಇಳಿಯುತ್ತ ಹೋಗುವುದು.

ನಾಲ್ಕು: ಹೆಜ್ಜೆ. ನೆಲದ ಮೇಲೆ ಸೀಮೆಸುಣ್ಣದಿಂದ ಗಡಿಯಾರದಂತೆ ಚುಕ್ಕೆಗಳನ್ನಿಟ್ಟು, ಚಿಕಿತ್ಸಕರು ಹೇಳಿದ ಅಂಕಿಯನ್ನು ಪಾದದಿಂದ ಮುಟ್ಟುವುದು. ವೆಲೆನ್ಸಿಯಾದ ಪರದೆಯ ಆಟದ ತತ್ತ್ವ ಇದೇ. ರಂಗೋಲಿಯ ಚುಕ್ಕೆಗಳನ್ನು ಬಲ್ಲ ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಐದು: ಎರಡು ಕೆಲಸ ಒಮ್ಮೆಲೇ. ನಿಂತು ಹೆಜ್ಜೆ ಹಾಕುತ್ತಿರುವಾಗಲೇ ನೂರರಿಂದ ಹಿಂದಕ್ಕೆ ಎಣಿಸುವುದು, ಇಲ್ಲವೆ ಚರ್ಚ್‌ಗೇಟಿನಿಂದ ವಿರಾರದವರೆಗಿನ ನಿಲ್ದಾಣಗಳ ಹೆಸರು ಹೇಳುವುದು. ನಿಜಜೀವನದಲ್ಲಿ ಯಾರೂ ಬರಿದೆ ನಡೆಯುವುದಿಲ್ಲ. ಮಾತನಾಡುತ್ತ, ಯೋಚಿಸುತ್ತ ನಡೆಯುತ್ತಾರೆ. ಬೀಳುವುದೂ ಆಗಲೇ.

ಕಣ್ಣುಮುಚ್ಚಿ ನಿಲ್ಲುವುದು, ಮೆತ್ತನೆಯ ಹಾಸಿನ ಮೇಲೆ ನಿಲ್ಲುವುದು ಮುಂತಾದ ಕಠಿಣ ಸಾಧನೆಗಳನ್ನು ಸ್ವಂತ ಬುದ್ಧಿಯಿಂದ ಎಂದಿಗೂ ಮಾಡಿಸಬಾರದು.

ಎಚ್ಚರಿಕೆಗಳು

ಈ ಕ್ರಮ ಎಲ್ಲರಿಗೂ ಸಲ್ಲುವುದಿಲ್ಲ. ಮೊದಲ ಪರೀಕ್ಷೆಯನ್ನು ಚಿಕಿತ್ಸಕರು ರೋಗಿಯನ್ನು ಮುಟ್ಟಿ ನೋಡಿಯೇ ಮಾಡುವುದು ಉತ್ತಮ. ಆಸರೆಯಿಲ್ಲದೆ ಕುಳಿತುಕೊಳ್ಳಲಾರದವರು, ಹೇಳಿದ್ದು ಗ್ರಹಿಸಲಾರದವರು, ಒಳ್ಳೆಯ ಕೈಯಿಂದ ತಮ್ಮನ್ನು ತಾವೇ ದುರ್ಬಲ ಪಕ್ಕಕ್ಕೆ ತಳ್ಳಿಕೊಳ್ಳುವ ವಿಚಿತ್ರ ದೋಷವುಳ್ಳವರು, ಹೃದಯದ ತೊಂದರೆ ಹತೋಟಿಯಲ್ಲಿಲ್ಲದವರು ಇವರಿಗೆ ಪರದೆಯ ಪಾಠ ಸಾಲದು. ಮನೆಯಲ್ಲಿ ಸಹಾಯಕರಿಲ್ಲದ ಒಂಟಿ ರೋಗಿಯೂ ನಿಂತು ಮಾಡುವ ಸಾಧನೆಗೆ ತೊಡಗಬಾರದು.

ಪ್ರತಿ ಪಾಠಕ್ಕೆ ಮುಂಚೆ ರಕ್ತದೊತ್ತಡ ನೋಡಿಕೊಳ್ಳಬೇಕು. ಯಾವ ಮಿತಿ ಮೀರಿದರೆ ಅಂದು ವ್ಯಾಯಾಮ ಬೇಡವೆಂಬುದನ್ನು ವೈದ್ಯರಿಂದ ಬರೆಸಿಟ್ಟುಕೊಳ್ಳಬೇಕು. ಎದೆನೋವು, ಉಬ್ಬಸ, ತಲೆಸುತ್ತು, ತೀವ್ರ ತಲೆನೋವು, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನೋ ೧೦೮ ಅಥವಾ ೧೧೨ ಸಂಖ್ಯೆಯನ್ನೋ ಕರೆಯಬೇಕು. ಚಿಕಿತ್ಸಕರ ಬಳಿ ಮನೆಯ ಪೂರ್ಣ ವಿಳಾಸವೂ ನೆರೆಯವರ ದೂರವಾಣಿ ಸಂಖ್ಯೆಯೂ ಇರಲಿ. ಪರದೆಯ ಆಚೆಯಿಂದ ಅವರು ಕೈಹಿಡಿದು ಎತ್ತಲಾರರಷ್ಟೆ.

ವೃತ್ತಿಧರ್ಮದಿಂದ ಇನ್ನೊಂದು ಮಾತು. ಜಾಹೀರಾತು ನೋಡಿ ಅಪರಿಚಿತರಿಗೆ ಆರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕಳುಹಿಸಬೇಡಿರಿ. ಚಿಕಿತ್ಸಕರ ಪದವಿ, ನೋಂದಣಿ ವಿಚಾರಿಸಿರಿ. ಯಾವ ನಿಜವಾದ ಚಿಕಿತ್ಸಕನಿಗೂ ನಿಮ್ಮ ಓಟಿಪಿ ಬೇಕಾಗಿಲ್ಲ, ನಿಮ್ಮ ಮೊಬೈಲನ್ನು ದೂರದಿಂದ ತನ್ನ ವಶಕ್ಕೆ ತೆಗೆದುಕೊಳ್ಳುವ ಆ್ಯಪೂ ಬೇಕಾಗಿಲ್ಲ. ಅದನ್ನು ಕೇಳಿದವನು ವ್ಯಾಯಾಮ ಮಾಡಿಸಲು ಬಂದವನಲ್ಲ.

ತಾಯ್ನುಡಿಯ ಬಲ

ಹೊರನಾಡ ಕನ್ನಡಿಗರಾದ ನಮಗೆ ಈ ತಂತ್ರದಿಂದ ಒದಗುವ ವಿಶೇಷ ಲಾಭವೊಂದುಂಟು. ನಮ್ಮ ಹಿರಿಯರಲ್ಲಿ ಅನೇಕರು ಇಳಿವಯಸ್ಸಿನಲ್ಲಿ ಮಕ್ಕಳ ಬಳಿಗೆ ಬಂದವರು. ಅವರಿಗೆ ಮರಾಠಿ, ಹಿಂದಿಗಳು ಅಷ್ಟಕ್ಕಷ್ಟೆ. ಪಾರ್ಶ್ವವಾಯುವಿನಿಂದ ಮಾತಿನ ಗ್ರಹಿಕೆಯೂ ಕುಂದಿದಾಗ, ತಡವಾಗಿ ಕಲಿತ ಭಾಷೆಯಲ್ಲಿ ಬರುವ ಸೂಚನೆಯನ್ನು ಅನುಸರಿಸುವುದು ಹಲವರಿಗೆ ಮತ್ತಷ್ಟು ಕಷ್ಟವಾಗುತ್ತದೆ. ನಮ್ಮ ಬಳಗದ ನಿವೃತ್ತ ಶಿಕ್ಷಕಿಯೊಬ್ಬರು, ಧಾರವಾಡದ ಕಡೆಯವರು, ಇಲ್ಲಿನ ಚಿಕಿತ್ಸಾಲಯದಲ್ಲಿ ಹಿಂದಿಯ ಸೂಚನೆ ಕೇಳಿ ಸೊಸೆಯ ಮುಖ ನೋಡುತ್ತ ನಿಲ್ಲುತ್ತಿದ್ದರು. ಸೊಸೆ ಅನುವಾದಿಸುವಷ್ಟರಲ್ಲಿ ಕಾಲು ಕಂಪಿಸುತ್ತಿತ್ತು. ಮುಂದೆ ಧಾರವಾಡದ ತರುಣ ಫಿಸಿಯೋಥೆರಪಿಸ್ಟರೊಬ್ಬರು ವಾರಕ್ಕೆ ಮೂರು ದಿನ ಪರದೆಯ ಮೇಲೆ ಬಂದು, 'ಅಕ್ಕೋರ, ಎಡಗಾಲಿನ ಮ್ಯಾಲ ಭಾರ ಹಾಕ್ರಿ, ಅಂಜಬ್ಯಾಡ್ರಿ, ನಾ ನೋಡಾಕತ್ತೇನಿ' ಎಂದು ಹೇಳತೊಡಗಿದ ಮೇಲೆ ಅವರ ಮುಖದ ಚಹರೆಯೇ ಬದಲಾಯಿತು. ಅವರು ಇಂದಿಗೂ ಕೋಲು ಹಿಡಿದೇ ನಡೆಯುತ್ತಾರೆ. ಆದರೆ ಯಾರ ನೆರವೂ ಇಲ್ಲದೆ ಬಚ್ಚಲಿಗೆ ಹೋಗಿಬರುತ್ತಾರೆ. ಆ ವಯಸ್ಸಿನಲ್ಲಿ ಮಾನವೆಂದರೆ ಅದೇ ಅಲ್ಲವೇ?

ಇದರ ಇನ್ನೊಂದು ಮುಖವೂ ಇದೆ. ತಂದೆತಾಯಿಗಳು ಊರಿನಲ್ಲಿ, ಮಕ್ಕಳು ಇಲ್ಲಿ ಇರುವ ಸಂಸಾರಗಳು ನಮ್ಮಲ್ಲಿ ಹೇರಳ. ಹಾವೇರಿಯಲ್ಲೋ ಕುಂದಾಪುರದಲ್ಲೋ ತಂದೆ ವ್ಯಾಯಾಮ ಮಾಡುತ್ತಿರುವಾಗ, ಮಗನು ಇಲ್ಲಿಂದಲೇ ಅದೇ ಕರೆಯಲ್ಲಿ ಸೇರಿಕೊಂಡು ಚಿಕಿತ್ಸಕರ ಮಾತನ್ನು ಕೇಳಬಹುದು, ತಂದೆಯ ನೋಟುಪುಸ್ತಕದ ಅಂಕಿಗಳನ್ನು ಓದಬಹುದು. ತಿಂಗಳಿಗೊಮ್ಮೆ ಹಣ ಕಳುಹಿಸುವುದಕ್ಕಿಂತ ವಾರಕ್ಕೆ ಅರ್ಧ ಗಂಟೆ ಹೀಗೆ ಜೊತೆಗಿರುವುದು ತಂದೆಗೆ ಹೆಚ್ಚು ಬಲ ಕೊಡುತ್ತದೆ.

ಸಂಘದ ಮುಂದೆ ಒಂದು ವಿನಂತಿ

ಕನ್ನಡ ಬಲ್ಲ ಫಿಸಿಯೋಥೆರಪಿಸ್ಟರು, ನರರೋಗ ತಜ್ಞರು, ಮಾತಿನ ಚಿಕಿತ್ಸಕರು ಇವರ ಪಟ್ಟಿಯೊಂದನ್ನು ನಮ್ಮ ಸಂಘ ಸಿದ್ಧಪಡಿಸಿ ವರ್ಷಕ್ಕೊಮ್ಮೆ ಪರಿಷ್ಕರಿಸಿದರೆ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು. ಎರಡು ಮೊಬೈಲ್ ಸ್ಟ್ಯಾಂಡು, ಒಂದು ದೊಡ್ಡ ಪರದೆಯ ಟ್ಯಾಬ್ಲೆಟ್ಟು, ಒಂದು ರಕ್ತದೊತ್ತಡದ ಯಂತ್ರ, ನಡೆಯಲು ನೆರವಾಗುವ ಒಂದು ವಾಕರ್ ಇವನ್ನು ಕೊಂಡು, ಗ್ರಂಥಾಲಯದ ಪುಸ್ತಕಗಳಂತೆ ಸದಸ್ಯರಿಗೆ ಎರವಲು ಕೊಡಬಹುದು. ಯಂತ್ರಕ್ಕೆ ಅಂಜುವ ಹಿರಿಯರ ಮನೆಗೆ ಯುವಕ ಸದಸ್ಯರು ಮೊದಲ ಎರಡು ಪಾಠಗಳ ದಿನ ಹೋಗಿ ಕರೆಯನ್ನು ಜೋಡಿಸಿಕೊಡಬಹುದು. ಇದಕ್ಕೆ ತಗಲುವ ವೆಚ್ಚ ಒಂದು ಸಂಜೆಯ ಮನರಂಜನಾ ಕಾರ್ಯಕ್ರಮದ ವೆಚ್ಚವನ್ನು ಮೀರಲಾರದು.

ಪಾರ್ಶ್ವವಾಯು ಬಡಿದವರಿಗೆ ಕಳೆದದ್ದೆಲ್ಲ ಮರಳಿ ಬರುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ದಿನಕ್ಕೆ ಮುಕ್ಕಾಲು ಗಂಟೆಯಂತೆ, ತಪ್ಪದೆ, ಸಣ್ಣ ಕಂತುಗಳಲ್ಲಿ ಕಟ್ಟುತ್ತ ಹೋದದ್ದು ಕಾಲಾಂತರದಲ್ಲಿ ಒಂದು ಮೊತ್ತವಾಗುವುದನ್ನು ಬ್ಯಾಂಕಿನ ಕಿಟಕಿಯ ಹಿಂದೆ ಕುಳಿತು ಎರಡು ದಶಕಗಳಿಂದ ನೋಡುತ್ತ ಬಂದಿದ್ದೇನೆ. ಶರೀರದ ಖಾತೆಗೂ ಅದೇ ನಿಯಮ ಅನ್ವಯಿಸುತ್ತದೆ. ಮೊದಲ ಕಂತನ್ನು ತಡಮಾಡದೆ ಕಟ್ಟಬೇಕು, ಅಷ್ಟೆ.